ಪೆರ್ಲದ ದಾರಿಯ ಒಂದು ಅಟ್ಟ

ಚೆರ್ಕಳದಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿದ ಬಸ್ಸು ಎಡನೀರನ್ನು ಹಾದು ಬದಿಯಡ್ಕಕ್ಕೆ ತಲಪುವಷ್ಟರಲ್ಲಿ ಕಡಲ ಗಾಳಿಯ ಜಿಗುಟು ಮುಗಿದು ಅಡಿಕೆ ತೋಟಗಳ ತಂಪು ಮೊದಲಾಗುತ್ತದೆ. ಎಡನೀರಿನ ಹೆಸರನ್ನು ಕಾನೂನು ಓದಿದ ಯಾರೂ ಮರೆಯುವಂತಿಲ್ಲ. ಅಲ್ಲಿನ ಮಠಾಧೀಶರಾಗಿದ್ದ ಕೇಶವಾನಂದ ಭಾರತಿಯವರ ಮೊಕದ್ದಮೆಯನ್ನು 13 ನ್ಯಾಯಮೂರ್ತಿಗಳು ಆಲಿಸಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸಲಾಗದೆಂಬ ಮಾತು ನೆಲೆಗೊಂಡದ್ದು ಆ ತೀರ್ಪಿನಲ್ಲಿ. ಬಸ್ಸಿನಲ್ಲಿ ಕುಳಿತವರಿಗೆ ಆ ಯೋಚನೆ ಇರುವುದಿಲ್ಲ. ಅವರ ಮಾತು ತುಳುವಿನಲ್ಲಿ ಆರಂಭವಾಗಿ ಮಲಯಾಳದಲ್ಲಿ ಮುಂದುವರಿದು, ಕನ್ನಡ ಶಾಲೆಯ ಸಮವಸ್ತ್ರದ ಮಕ್ಕಳು ಹತ್ತಿದೊಡನೆ ಕನ್ನಡಕ್ಕೆ ಹೊರಳುತ್ತದೆ.

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯು ಮುರಕಲ್ಲಿನ ಬೋಳುಗುಡ್ಡಗಳನ್ನು ಏರಿ ಇಳಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ಗೇರು, ಇಳಿಜಾರಿನಲ್ಲಿ ರಬ್ಬರು, ತಗ್ಗಿನಲ್ಲಿ ಅಡಿಕೆ. ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ ಬೇಸಗೆಯಲ್ಲಿಯೂ ಎಳೆಯಾಗಿ ನೀರು ಹರಿಯುತ್ತಿರುತ್ತದೆ. ಮುಖ್ಯರಸ್ತೆಯಿಂದ ಎಡಕ್ಕೆ ಕವಲೊಡೆದ ಮಣ್ಣಿನ ದಾರಿಯ ಕೊನೆಯಲ್ಲಿ ಒಂದು ಹಂಚಿನ ಮನೆ. ಮನೆಯ ಯಜಮಾನರು ಕನ್ನಡ ಮಾಧ್ಯಮ ಶಾಲೆಯಿಂದ ನಿವೃತ್ತರಾಗಿ ಇಪ್ಪತ್ತು ವರ್ಷ ಸಮೀಪಿಸಿದ ಮಾಸ್ಟ್ರು. ಈ ವರ್ಷದ ಪತ್ತನಾಜೆಗೆ ನಾಲ್ಕು ದಿನ ಮೊದಲು ಆ ಮನೆಯಲ್ಲಿ ಒಂದು ವಿಚಾರಣೆ ನಡೆಯಿತು. ಅಟ್ಟದ ಮೇಲಿನ ಹಳೆಯ ನಿಯತಕಾಲಿಕಗಳು ಇರಬೇಕೇ, ಹೋಗಬೇಕೇ ಎಂಬುದು ಅದರ ವಿಷಯ.

ಬೆಂಗಳೂರಿನಲ್ಲಿರುವ ಮಗ ಅಡುಗೆಮನೆಯ ಭಾಗದ ಮಾಡನ್ನು ಬಿಚ್ಚಿಸಿ ತಾರಸಿ ಹಾಕಿಸಲು ನಿಶ್ಚಯಿಸಿದ್ದನು. ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಮಾಡಿನ ಕೆಲಸವನ್ನು ಜೂನಿಗೆ ಮುಂದೂಡುವಂತಿಲ್ಲ. ಅಟ್ಟವು ಎರಡು ದಿನದೊಳಗೆ ಖಾಲಿಯಾಗಬೇಕಿತ್ತು.

ಹಿಂದಿನ ಮನೆಗಳಲ್ಲಿ ಕಾಗದವನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿಯೇ ಇಡುತ್ತಿದ್ದುದಕ್ಕೆ ಕಾರಣವಿದೆ. ಒಲೆಯ ಹೊಗೆ ಅಲ್ಲಿ ಸದಾ ಆಡುತ್ತಿದ್ದುದರಿಂದ ಓಲೆಗರಿಯ ಕಟ್ಟಿಗೂ ಜಾತಕಕ್ಕೂ ಜಮೀನಿನ ಪತ್ರಕ್ಕೂ ಹುಳ ಹಿಡಿಯುತ್ತಿರಲಿಲ್ಲ. ಮಳೆಗಾಲದ ತೇವವೂ ಒಣಗುತ್ತಿತ್ತು. ಗ್ಯಾಸಿನ ಒಲೆ ಬಂದು ಹೆಂಗಸರ ಕಣ್ಣು ಶ್ವಾಸಕೋಶಗಳು ಉಳಿದುಕೊಂಡವು. ಆದರೆ ಅಟ್ಟದ ಕಾಗದಗಳು ಗೆದ್ದಲಿನ ಪಾಲಾದವು. ಈ ವಿನಿಮಯದಲ್ಲಿ ನಷ್ಟವಾಯಿತೆಂದು ಯಾರೂ ಹೇಳಲಾರರು. ಆದರೂ ಹೊಗೆ ಆರಿದ ಅಟ್ಟದಲ್ಲಿ ಕಾಗದವನ್ನು ಸುಮ್ಮನೆ ಬಿಟ್ಟರೆ ಅದನ್ನು ಉಳಿಸಿದಂತಾಗುವುದಿಲ್ಲ, ಗೆದ್ದಲಿಗೆ ಬಿಟ್ಟುಕೊಟ್ಟಂತಾಗುತ್ತದೆ. ಏಣಿ ಹಾಕಿ ಹತ್ತಿದ ಮೊಮ್ಮಗಳಿಗೆ ಮೊದಲು ಸಿಕ್ಕಿದ ಕಟ್ಟು ಹೊರಗಿನಿಂದ ಗಟ್ಟಿಯಾಗಿ ಕಂಡರೂ ಎತ್ತಿದೊಡನೆ ಮಣ್ಣಾಗಿ ಉದುರಿತು.

ಕೆಳಗಿಳಿದ ಕಟ್ಟುಗಳನ್ನು ಜಗಲಿಯಲ್ಲಿ ಹರಡಿದಾಗ ಮಾಸ್ಟ್ರ ಹವ್ಯಾಸಗಳ ಇತಿಹಾಸವೇ ಪದರಪದರವಾಗಿ ಬಿಚ್ಚಿಕೊಂಡಿತು. ಅಡಿಯಲ್ಲಿ ರೇಡಿಯೋ. ಯೌವನದಲ್ಲಿ ಅವರು ಶಾರ್ಟ್‌ವೇವ್ ಪ್ರಸಾರಗಳ ಬೆನ್ನು ಹತ್ತಿದವರು. ಯಾವ ದೇಶದ ನಿಲಯ ಯಾವ ವೇಳೆಗೆ ಯಾವ ತರಂಗಾಂತರದಲ್ಲಿ ಕೇಳಿಸಿತು, ಎಷ್ಟು ಸ್ಪಷ್ಟವಾಗಿತ್ತು ಎಂದು ಬರೆದು ಕಳುಹಿಸಿದರೆ ನಿಲಯದವರು ಚಿತ್ರವಿರುವ ಕಾರ್ಡೊಂದನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಜತೆಗೆ ಕಾರ್ಯಕ್ರಮ ಪಟ್ಟಿಯ ಪುಸ್ತಿಕೆ. ಆ ಪುಸ್ತಿಕೆಗಳೇ ಎರಡು ಗೋಣಿಯಷ್ಟಿದ್ದವು. ಅವುಗಳಲ್ಲಿನ ತರಂಗಾಂತರಗಳನ್ನು ಹಿಡಿಯಲು ಹೊರಟರೆ ಇಂದು ಗೊರಗೊರ ಸದ್ದಲ್ಲದೆ ಬೇರೇನೂ ಸಿಗದು. ರೇಡಿಯೋ ನೆದರ್ಲೆಂಡ್ಸಿನ ಇಂಗ್ಲಿಷ್ ಪ್ರಸಾರ 2012ರಲ್ಲಿ ನಿಂತಿತು; ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿ 31ರಂದು ಶಾರ್ಟ್‌ವೇವಿಗೆ ವಿದಾಯ ಹೇಳಿತು.

ಅದರ ಮೇಲಿನ ಪದರ ಹಕ್ಕಿಗಳದು. 1960ರಲ್ಲಿ ಜಫರ್ ಫತೇಹಳ್ಳಿಯವರು ಆರಂಭಿಸಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಎಂಬ ಪುಟ್ಟ ಪತ್ರಿಕೆಯ ಸಂಚಿಕೆಗಳು. ವಿಜ್ಞಾನಿಗಳಲ್ಲದವರು, ಅಂದರೆ ಗುಮಾಸ್ತರು, ವೈದ್ಯರು, ತೋಟದವರು, ಅಧ್ಯಾಪಕರು, ತಮ್ಮ ಊರಿನಲ್ಲಿ ಕಂಡ ಹಕ್ಕಿಯ ಬಗ್ಗೆ ಹತ್ತು ಸಾಲು ಬರೆದರೂ ಅಚ್ಚಾಗುತ್ತಿದ್ದ ಪತ್ರಿಕೆಯದು. ಮಾಸ್ಟ್ರು ಅದಕ್ಕೆಂದೂ ಬರೆದವರಲ್ಲ. ಓದಿ ಓದಿ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದವರು. ಇನ್ನೂ ಮೇಲಿನದು ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’. ಆ ಸಂಚಿಕೆಗಳ ನಡುವೆ ಮಾಸ್ಟ್ರ ವೆನಿಲ್ಲಾ ಹುಚ್ಚಿನ ವರ್ಷಗಳು ಹುದುಗಿದ್ದವು. ಒಂದೇ ದಿನ ಅರಳುವ ಹೂವಿಗೆ ಬೆಳಗ್ಗೆಯೇ ಕಡ್ಡಿಯಿಂದ ಕೈಪರಾಗಸ್ಪರ್ಶ ಮಾಡಿ, ಕೋಡು ಕಟ್ಟಿದ ಮೇಲೆ ರಾತ್ರಿ ಕಾವಲು ಕುಳಿತು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕಿಲೋಗೆ ಸಾವಿರಾರು ರೂಪಾಯಿಯ ಧಾರಣೆ ಕಂಡು, ಬಳಿಕ ಅದು ನೆಲ ಕಚ್ಚಿದ್ದನ್ನೂ ಕಂಡ ಮನೆಗಳು ಈ ಸೀಮೆಯಲ್ಲಿ ನೂರಾರಿವೆ. ಆ ಹುಚ್ಚು ಬಿಟ್ಟ ಮೇಲೆ ಮಾಸ್ಟ್ರು ಮತ್ತೊಂದು ಹವ್ಯಾಸಕ್ಕೆ ಪತ್ರಿಕೆ ತರಿಸಲಿಲ್ಲ. ಈಗ ಮೊಬೈಲಿನಲ್ಲಿ ತಾಳಮದ್ದಳೆ ಕೇಳುತ್ತಾರೆ.

“ಅಜ್ಜ, ರೇಡಿಯೋ ನಿಮಗೆ ಬೇಡ. ವೆನಿಲ್ಲಾ ಬಳ್ಳಿ ತೋಟದಲ್ಲೇ ಇಲ್ಲ. ಹಕ್ಕಿಯ ಪತ್ರಿಕೆ ಪೂರಾ ಫೋನಿನಲ್ಲೇ ಸಿಗ್ತದೆ. ಮತ್ತೆ ಇದೆಲ್ಲ ಯಾಕೆ?” ಎಂದು ಎಂಟನೆಯ ತರಗತಿ ಮುಗಿಸಿದ ಮೊಮ್ಮಗಳು ಕೇಳಿದಳು.

“ಅದು ಸರಿಯೇ,” ಎಂದರು ಮಾಸ್ಟ್ರು. ಬಳಿಕ ಹೊತ್ತಿಷ್ಟು ಮಾತಾಡಲಿಲ್ಲ.

ಹುಡುಗಿಯ ಪ್ರಶ್ನೆಯಲ್ಲಿ ಹುರುಳಿದೆ. ಹವ್ಯಾಸ ಬದಲಾದ ಮೇಲೆ ಹಳೆಯ ಹವ್ಯಾಸದ ಪತ್ರಿಕೆಗಳನ್ನು ಇಟ್ಟುಕೊಳ್ಳುವವರು ಬಹಳ ಸಲ ಪತ್ರಿಕೆಗಾಗಿ ಇಟ್ಟುಕೊಳ್ಳುವುದಿಲ್ಲ; ತಾವು ಒಂದು ಕಾಲದಲ್ಲಿ ಹೀಗಿದ್ದೆವೆಂಬುದರ ಸಾಕ್ಷಿಗಾಗಿ ಇಟ್ಟುಕೊಳ್ಳುತ್ತಾರೆ. ಅಚ್ಚಾದ ಪತ್ರಿಕೆ ಒಂದು ಮನೆಯಿಂದ ಹೋದರೆ ಜಗತ್ತಿನಿಂದ ಹೋಗುವುದಿಲ್ಲ. ಭಾರತದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಯನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲಿ ತಲಪಿಸಬೇಕೆಂದು 1954ರ ಕಾಯ್ದೆ ವಿಧಿಸುತ್ತದೆ; ಎರಡು ವರ್ಷಗಳ ಬಳಿಕ ವೃತ್ತಪತ್ರಿಕೆಗಳನ್ನೂ ಅದಕ್ಕೆ ಸೇರಿಸಲಾಯಿತು. ಎಷ್ಟು ಮಂದಿ ಪಾಲಿಸುತ್ತಾರೆಂಬುದು ಬೇರೆಯ ಮಾತು. ಹಕ್ಕಿ ಪತ್ರಿಕೆಯ ಹಳೆಯ ಸಂಚಿಕೆಗಳಂತೂ ಅಂತರ್ಜಾಲದಲ್ಲಿ ಯಾರಿಗೂ ಓದಲು ಸಿಗುತ್ತವೆ. ಹಾಗಿರುವಾಗ ಅವುಗಳಿಗಾಗಿ ಗೆದ್ದಲಿನೊಡನೆ ಯುದ್ಧ ಹೂಡುವುದು ವ್ಯರ್ಥ.

ಶಾಲೆಗೆ ಕೊಡೋಣವೆಂದು ಸೊಸೆ ಸೂಚಿಸಿದಳು. ಮಾಸ್ಟ್ರು ತಲೆಯಾಡಿಸಿದರು. ಹವ್ಯಾಸ ತೀರಿದವರೆಲ್ಲ ಕನ್ನಡ ಶಾಲೆಯ ಗ್ರಂಥಾಲಯವನ್ನು ನೆನೆಯುವುದು ಈ ಊರುಗಳ ಒಂದು ರೂಢಿ. ಕೊಟ್ಟವರಿಗೆ ಪುಣ್ಯ, ಪಡೆದವರಿಗೆ ಧೂಳು. ಮುಗ್ಗಲು ಹಿಡಿದ ಮುನ್ನೂರು ಸಂಚಿಕೆಗಳು ಬಂದು ಕುಳಿತರೆ ಮಕ್ಕಳು ಓದಬೇಕಾದ ಹೊಸ ಪುಸ್ತಕಗಳಿಗೆ ಕಪಾಟಿನಲ್ಲಿ ಜಾಗವಿಲ್ಲವಾಗುತ್ತದೆ, ಹೊಸ ಪುಸ್ತಕಕ್ಕೂ ಹುಳ ಹರಡುತ್ತದೆ. ಅಧ್ಯಾಪಕರಾಗಿ ಅಂತಹ ದಾನಗಳನ್ನು ನಗುತ್ತ ಸ್ವೀಕರಿಸಿ, ಬೇಸಗೆ ರಜೆಯಲ್ಲಿ ಗುಟ್ಟಾಗಿ ಗುಜರಿಗೆ ಹಾಕಿದ ಅನುಭವ ಅವರದು. ಕೊಡುವುದಾದರೆ ಶಾಲೆಗೆ ಬೇಕಾದುದನ್ನು ಕೇಳಿ ಕೊಡಬೇಕು.

ಕಾಗದ ಮಕ್ಕಳಿಗೆ ಉಪಯೋಗವಾಗುವ ದಾರಿ ಹಿಂದೆ ಬೇರೆಯಿತ್ತು. ಕನ್ನಡದಲ್ಲಿಯೂ ಬರುತ್ತಿದ್ದ ‘ಸೋವಿಯತ್ ಲ್ಯಾಂಡ್’ನ ನುಣುಪು ಪುಟಗಳು ಜೂನ್ ತಿಂಗಳಲ್ಲಿ ಶಾಲಾಪುಸ್ತಕಗಳಿಗೆ ಹೊದಿಕೆಯಾಗುತ್ತಿದ್ದುದನ್ನು ಇಂದಿನ ಅಜ್ಜ ಅಜ್ಜಿಯರೆಲ್ಲ ಬಲ್ಲರು. ಒಳಗಿನ ಲೇಖನಗಳನ್ನು ಓದಿದವರು ಕಡಿಮೆ. ಗಣಿತ ಪುಸ್ತಕದ ಮೇಲೆ ಉಕ್ರೇನಿನ ಗೋಧಿ ಹೊಲವನ್ನು ವರ್ಷವಿಡೀ ನೋಡಿದವರು ಹೆಚ್ಚು. ಆ ಪತ್ರಿಕೆಯೂ ಆ ದೇಶವೂ ಇಲ್ಲವಾದವು. ಅಟ್ಟದಲ್ಲಿ ಅದರ ಒಂದೇ ಒಂದು ಪುಟ ಸಿಕ್ಕಿತು, ಮಗನ ಐದನೆಯ ತರಗತಿಯ ಭೂಗೋಳ ಪುಸ್ತಕದ ಹೊದಿಕೆಯಾಗಿ.

ಮಾಸ್ಟ್ರು ಕೊನೆಗೆ ಒಪ್ಪಿದರು. ರೇಡಿಯೋ ಪುಸ್ತಿಕೆಗಳು ಹೋಗಲಿ, ಕಾರ್ಡುಗಳ ಪೆಟ್ಟಿಗೆ ಮೊಮ್ಮಗಳಿಗಿರಲಿ. ‘ಅಡಿಕೆ ಪತ್ರಿಕೆ’ಯಲ್ಲಿ ನೀರಿನ ಕುರಿತು ಬಂದ ಸಂಚಿಕೆಗಳನ್ನು ತೆಗೆದಿಟ್ಟು ಉಳಿದವು ಹೋಗಲಿ. ಹಕ್ಕಿಯ ಪತ್ರಿಕೆಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ನೋಡಿಯೇ ಬಿಡುವುದೆಂದು ಹಠ ಹಿಡಿದರು. ಅದಕ್ಕೇ ಒಂದು ಮಧ್ಯಾಹ್ನ ಬೇಕಾಯಿತು.

ಅಚ್ಚಾದ ಲೇಖನ ಎಲ್ಲಿಯೋ ದೂರದ ಕೆರೆಯ ಬಾತುಗಳ ಕುರಿತಾಗಿದ್ದರೆ, ಅದರ ಅಂಚಿನಲ್ಲಿ ಪೆನ್ಸಿಲಿನ ಕನ್ನಡ ಅಕ್ಷರಗಳು ಬೇರೆಯದನ್ನೇ ಹೇಳುತ್ತಿದ್ದವು. ‘ನವರಂಗ ಬಂತು, ಅಕ್ಟೋಬರ್ 9, ಸಂಜೆ, ಬಾವಿಕಟ್ಟೆಯ ಹತ್ತಿರ.’ ಮರುವರ್ಷದ ಸಂಚಿಕೆಯೊಂದರಲ್ಲಿ, ‘ನವರಂಗ, ಅಕ್ಟೋಬರ್ 14.’ ಹೀಗೆ ಹನ್ನೊಂದು ವರ್ಷ. ಮಂಗಟ್ಟೆ ಜೋಡಿ ಯಾವ ಮರದಲ್ಲಿ, ಕುಟ್ರುಹಕ್ಕಿ ಯಾವ ತಿಂಗಳು ಕೂಗಲು ತೊಡಗಿತು, ಅಡಿಕೆಗೆ ಮದ್ದು ಬಿಟ್ಟ ವಾರ ಪಿಕಳಾರಗಳೆಷ್ಟು. ಮತ್ತೆ 1981ರ ಡಿಸೆಂಬರಿನ ಸಾಲೊಂದು: ‘ಬೆಳಗ್ಗೆ ಹೆಲಿಕಾಪ್ಟರ್ ಸದ್ದು. ಹಕ್ಕಿ ನೋಡಲು ಹೋಗಲಿಲ್ಲ.’

ಮೊಮ್ಮಗಳು ಆ ಸಾಲನ್ನು ಎರಡು ಬಾರಿ ಓದಿದಳು. ಹೆಲಿಕಾಪ್ಟರ್ ಯಾಕೆ ಬಂದಿತ್ತೆಂದು ಆ ಊರಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಈ ಗುಡ್ಡಗಳ ಗೇರು ತೋಟಗಳ ಮೇಲೆ ಎಂಡೋಸಲ್ಫಾನನ್ನು ಆಕಾಶದಿಂದ ಸಿಂಪಡಿಸಲಾಗುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿತು. ಎಣ್ಮಕಜೆಯ ಹಲವು ಮನೆಗಳಲ್ಲಿ ಆ ವರ್ಷಗಳು ಇನ್ನೂ ಹಾಸಿಗೆಯಲ್ಲಿ ಮಲಗಿವೆ. ಹಕ್ಕಿ ಹವ್ಯಾಸಿಯೊಬ್ಬನ ಒಂದು ಸಾಲು ಏನನ್ನೂ ರುಜುವಾತು ಮಾಡುವುದಿಲ್ಲ. ಆದರೆ ಆ ದಿನ, ಆ ಬೆಳಗ್ಗೆ, ಆ ಸದ್ದು ಎಂಬಷ್ಟನ್ನು ಅಂದೇ ಬರೆದಿಟ್ಟ ಕಾಗದ ಊರಿನಲ್ಲಿ ಇನ್ನೆಷ್ಟಿರಬಹುದು?

ಕಾನೂನಿನಲ್ಲಿ ಹಳೆಯ ಕಾಗದಕ್ಕೊಂದು ಗೌರವವಿದೆ. ಮೂವತ್ತು ವರ್ಷ ಹಳೆಯ ದಾಖಲೆ, ಇರಬೇಕಾದವರ ವಶದಿಂದಲೇ ಹಾಜರಾದರೆ, ಅದರ ಕೈಬರಹವನ್ನೂ ಸಹಿಯನ್ನೂ ನಿಜವೆಂದು ನ್ಯಾಯಾಲಯ ಭಾವಿಸಬಹುದೆಂದು 1872ರ ಸಾಕ್ಷ್ಯ ಅಧಿನಿಯಮದ 90ನೆಯ ಕಲಮು ಹೇಳುತ್ತಿತ್ತು. 2023ರ ಹೊಸ ಅಧಿನಿಯಮವೂ ಆ ತತ್ತ್ವವನ್ನು ಕೈಬಿಟ್ಟಿಲ್ಲ. ಹಳೆತನವೊಂದೇ ಸಾಲದು, ಕಾಗದ ಯಾರ ಕೈಯಲ್ಲಿತ್ತು ಎಂಬುದೂ ಮುಖ್ಯ. ಗುಜರಿ ಅಂಗಡಿಯಲ್ಲಿ ಸಿಕ್ಕಿದ ಪೆನ್ಸಿಲ್ ಸಾಲು ಯಾರದೆಂದು ಕೇಳಿದರೆ ಉತ್ತರವಿಲ್ಲ. ಬರೆದವರ ಮನೆಯ ಅಟ್ಟದಲ್ಲಿದ್ದರೆ ಉತ್ತರವಿದೆ.

ಗಡಿಯ ಊರಿಗೆ ಇದು ಇನ್ನಷ್ಟು ಸಲ್ಲುತ್ತದೆ. ಸಲೀಂ ಅಲಿಯವರು 1933ರಲ್ಲಿ ತಿರುವಾಂಕೂರು ಕೊಚ್ಚಿಗಳ ಹಕ್ಕಿಗಳನ್ನು ಸಮೀಕ್ಷೆ ಮಾಡಿದಾಗ ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿದ್ದುದರಿಂದ ಅದರ ಹೊರಗುಳಿಯಿತು. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಹೋಯಿತು. 2015ರಿಂದ 2020ರವರೆಗೆ ನೂರಾರು ಸ್ವಯಂಸೇವಕರು ಸೇರಿ ಕೇರಳದ ಹಕ್ಕಿಗಳ ಭೂಪಟವನ್ನು ಸಿದ್ಧಪಡಿಸಿದಾಗ ಈ ಗುಡ್ಡಗಳೂ ಅದರೊಳಗೆ ಬಂದವು. ನಡುವಿನ ಕಾಲದಲ್ಲಿ ಇಲ್ಲಿ ಏನಿತ್ತೆಂದು ತಿಳಿಯಬೇಕಾದರೆ ಇಂತಹ ಅಂಚಿನ ಬರಹಗಳನ್ನೇ ಹುಡುಕಬೇಕಾದೀತು. ಅವು ಕನ್ನಡದಲ್ಲಿರುವುದರಿಂದ ಓದಲು ಈ ಊರಿನ ಕನ್ನಡ ಶಾಲೆಯ ಮಕ್ಕಳೇ ಬೇಕಾದೀತು.

ಪೆನ್ಸಿಲಿನ ಗುರುತಿದ್ದ 43 ಸಂಚಿಕೆಗಳು ಒಂದು ಬದಿಗೆ, ಗುರುತಿಲ್ಲದವು ಇನ್ನೊಂದು ಬದಿಗೆ. ಮೊಮ್ಮಗಳು ಫೋನಿನಲ್ಲಿ ಅಂಚುಗಳ ಚಿತ್ರ ತೆಗೆದಳು. ಇನ್ನು ಮೂಲ ಬೇಡವೆಂದು ಅವಳ ವಾದ. ಫೋನು ಬದಲಾದಾಗ ಚಿತ್ರ ಎಲ್ಲಿರುತ್ತದೆಂದು ಅಜ್ಜನ ಪ್ರಶ್ನೆ. ಎರಡೂ ಇರಲಿ ಎಂದು ಸೊಸೆ ತೀರ್ಪಿತ್ತಳು.

ಗುಜರಿಯವನು ಶನಿವಾರ ಬೆಳಗ್ಗೆ ಟೆಂಪೋ ತಂದನು. ಮಾಸ್ಟ್ರ ಶಿಷ್ಯನೇ. ದಿನಪತ್ರಿಕೆಗೆ ಒಂದು ದರ, ನುಣುಪು ಕಾಗದದ ಪತ್ರಿಕೆಗೆ ಅದಕ್ಕಿಂತ ಕಡಿಮೆ. “ಇದರಲ್ಲಿ ಪೊಟ್ಟಣ ಕಟ್ಟಲಿಕ್ಕೆ ಆಗುವುದಿಲ್ಲ ಮಾಸ್ಟ್ರೇ, ಎಣ್ಣೆ ಹೀರುವುದಿಲ್ಲ,” ಎಂದು ಕಾರಣವನ್ನೂ ಹೇಳಿದನು. ತಕ್ಕಡಿಗೆ ಏರಿದ ಕಟ್ಟುಗಳ ಲೆಕ್ಕವನ್ನು ಮೊಮ್ಮಗಳು ಬರೆದುಕೊಂಡಳು. ಅಟ್ಟದ ಮೂಲೆಯಲ್ಲಿ ಉಳಿದಿದ್ದ ಸಿಮೆಂಟಿನ ಚೀಲವೊಂದನ್ನು ಆಳು ಕೊನೆಗೆ ಇಳಿಸಿದನು. ಯಾರೂ ಬಿಚ್ಚಲಿಲ್ಲ. ಒಂಬತ್ತು ಕಿಲೋ ತೂಗಿತು.

ಸಂಜೆ ಸೊಸೆ ಕೇಳಿದಳು: “ಮಾವ, ಅತ್ತೆಯ ಕಸೂತಿಯ ಕಟ್ಟನ್ನು ಎಲ್ಲಿಟ್ಟಿರಿ?”

ಮಾಸ್ಟ್ರ ಪತ್ನಿ ತೀರಿಕೊಂಡು ಐದು ವರ್ಷವಾಗಿತ್ತು. ವಾರಪತ್ರಿಕೆಗಳ ಮಹಿಳಾ ಪುಟಗಳಿಂದಲೂ ಎಲ್ಲಿಂದಲೋ ಸಿಕ್ಕಿದ ಇಂಗ್ಲಿಷ್ ಹೊಲಿಗೆ ಪತ್ರಿಕೆಗಳಿಂದಲೂ ಅವರು ನಮೂನೆಗಳನ್ನು ಕತ್ತರಿಸಿ ಕೂಡಿಡುತ್ತಿದ್ದರು. ಹೂವು, ನವಿಲು, ಬಳ್ಳಿಯ ನಮೂನೆಗಳಿಗೆ ಬರಗಾಲವಿರಲಿಲ್ಲ. ಅಕ್ಷರಗಳ ನಮೂನೆ ಮಾತ್ರ ಇಂಗ್ಲಿಷಿನದೇ ಸಿಗುತ್ತಿತ್ತು. ದಿಂಬಿನ ಹೊದಿಕೆಯ ಮೇಲೆ, ಕರವಸ್ತ್ರದ ಮೂಲೆಯಲ್ಲಿ ಹುಡುಗಿಯರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೊಲಿಯುತ್ತಿದ್ದುದು ಇಷ್ಟಪಟ್ಟಲ್ಲ, ಬೇರೆ ನಮೂನೆ ಇಲ್ಲವೆಂದು. ಅವರು ಗಣಿತದ ಚೌಕುಳಿ ಪುಸ್ತಕದ ಹಾಳೆಗಳನ್ನು ತೆಗೆದುಕೊಂಡು, ಇಂಗ್ಲಿಷ್ ಪತ್ರಿಕೆಯ ಕ್ರಮವನ್ನು ನೋಡಿ, ಅಕಾರದಿಂದ ಳಕಾರದವರೆಗೆ ಕನ್ನಡದ ಅಕ್ಷರಗಳನ್ನು ಒಂದೊಂದು ಚೌಕಕ್ಕೆ ಒಂದೊಂದು ಹೊಲಿಗೆಯಂತೆ ಎಣಿಸಿ ಬರೆದಿದ್ದರು. ಕಾಗುಣಿತದ ಕೊಂಬು ಇಳಿಗಳಿಗೆ ಬೇರೆ ಹಾಳೆ. ಒತ್ತಕ್ಷರಗಳನ್ನು ಅರ್ಧ ಅಳತೆಯಲ್ಲಿ ತರುವುದು ಕಷ್ಟವಾಗಿ ಮೂರು ಸಲ ಅಳಿಸಿ ಬರೆದದ್ದೂ ಅದರಲ್ಲಿತ್ತಂತೆ. ಸುತ್ತಲಿನ ಹತ್ತಾರು ಮನೆಗಳ ಹೆಣ್ಣುಮಕ್ಕಳು ಆ ಹಾಳೆಗಳನ್ನು ಒಯ್ದು ನಕಲು ಮಾಡಿಕೊಂಡಿದ್ದರು. ಶಾಲೆಯ ವಾರ್ಷಿಕೋತ್ಸವದ ಬಟ್ಟೆಯ ಫಲಕವನ್ನು ಹೊಲಿದದ್ದೂ ಅದೇ ಅಕ್ಷರಗಳಿಂದ.

ಮಾಸ್ಟ್ರು ಇದನ್ನು ತಿಳಿಯದವರಲ್ಲ. ಆದರೆ ಎರಡು ದಿನ ಜಗಲಿಯಲ್ಲಿ ಕುಳಿತು ತನ್ನ ರೇಡಿಯೋ, ತನ್ನ ಹಕ್ಕಿ, ತನ್ನ ವೆನಿಲ್ಲಾ ಎಂದು ವಿಂಗಡಿಸುವಾಗ, ಮನೆಯಲ್ಲಿ ಇನ್ನೊಬ್ಬರಿಗೂ ಹವ್ಯಾಸವಿತ್ತೆಂಬುದು ಅವರ ಲೆಕ್ಕಕ್ಕೆ ಬರಲಿಲ್ಲ. ಗಂಡಸರು ಕೂಡಿಟ್ಟರೆ ಸಂಗ್ರಹ, ಹೆಂಗಸರು ಕೂಡಿಟ್ಟರೆ ಅಟ್ಟದ ಮೂಲೆಯ ಚೀಲ. ಈ ದೋಷ ಅವರೊಬ್ಬರದಲ್ಲ. ಅಟ್ಟ ಗುಡಿಸುವ ಮನೆಗಳೆಲ್ಲ ಒಮ್ಮೆ ತಮ್ಮ ಮೂಲೆಗಳನ್ನು ನೋಡಿಕೊಳ್ಳಬಹುದು.

ಭಾನುವಾರ ಅಂಗಡಿ ಮುಚ್ಚಿತ್ತು. ಸೋಮವಾರ ಮೊದಲ ಬಸ್ಸಿಗೆ ಅಜ್ಜ ಮೊಮ್ಮಗಳು ಪೆರ್ಲಕ್ಕೆ ಹೋದರು. ಪೇಟೆ ದೊಡ್ಡದಲ್ಲ, ಗುಜರಿ ಅಂಗಡಿ ಅದರ ಒಂದು ತುದಿಯಲ್ಲಿದೆ. ತಗಡಿನ ಮಾಡು, ಒಳಗೆ ಹಳೆಯ ಪಂಪುಸೆಟ್ಟು, ಬಾಟಲಿ, ಸೈಕಲಿನ ಚಕ್ರ. ಒಂದು ಬದಿಯ ಹಲಗೆಯ ಮೇಲೆ ಮಕ್ಕಳ ಪತ್ರಿಕೆಗಳು ಓರಣವಾಗಿ ಪೇರಿಸಲ್ಪಟ್ಟಿದ್ದವು. ಅವನ್ನು ತೂಕಕ್ಕೆ ಕಳುಹಿಸುವುದಿಲ್ಲ, ತನ್ನ ಮಕ್ಕಳು ಓದುತ್ತಾರೆಂದು ಅಂಗಡಿಯವನು ನಾಚಿಕೊಂಡು ಹೇಳಿದನು.

ಸಿಮೆಂಟಿನ ಚೀಲ ಸಿಕ್ಕಿತು. ಬಾಯಿ ಬಿಚ್ಚಿತ್ತು. ನುಣುಪು ಪುಟಗಳೆಲ್ಲ ಹಾಗೆಯೇ ಇದ್ದವು. ಸೀರೆಯ ಅಂಚಿನಿಂದ ಕಟ್ಟಿದ್ದ ಚೌಕುಳಿ ಹಾಳೆಗಳ ಗಂಟು ಸಡಿಲವಾಗಿತ್ತು. ಪಕ್ಕದ ಚಾದಂಗಡಿಯವರು ಮುಂಜಾನೆ ಒಂದು ಹಿಡಿ ಕಾಗದ ಕೇಳಿದ್ದರು, ತೆಳ್ಳಗಿನದೇ ಬೇಕೆಂದಿದ್ದರು, ಆಳು ಕೊಟ್ಟಿದ್ದನು. ಅಂಗಡಿಯವನು ಮಾತಾಡದೆ ಚಾದಂಗಡಿಗೆ ಓಡಿ ಹೋಗಿ ಮೂರು ಹಾಳೆಗಳೊಂದಿಗೆ ಮರಳಿದನು. ಒಂದರಲ್ಲಿ ಎಣ್ಣೆಯ ದೊಡ್ಡ ಕಲೆ. ಅದರ ಅಡಿಯಲ್ಲಿ ಪ ಫ ಬ ಭ ಮ ಸ್ಪಷ್ಟವಾಗಿ ಕಾಣುತ್ತಿತ್ತು.

ಮೊಮ್ಮಗಳು ಅಂಗಡಿಯ ಮುಂದಿನ ಬೆಂಚಿನ ಮೇಲೆ ಹಾಳೆಗಳನ್ನು ಜೋಡಿಸಿ ಎಣಿಸಿದಳು. ಸ್ವರಗಳು ಇದ್ದವು. ಕ ವರ್ಗ, ಚ ವರ್ಗ, ತ ವರ್ಗ ಇದ್ದವು. ಟ ಠ ಡ ಢ ಣ ಇರಲಿಲ್ಲ. ಒತ್ತಕ್ಷರಗಳ ಎರಡು ಹಾಳೆಗಳಲ್ಲಿ ಒಂದಿರಲಿಲ್ಲ.

ಮಾಸ್ಟ್ರು ಚೀಲವನ್ನು ತಕ್ಕಡಿಗಿಡಲು ಹೇಳಿದರು. “ಬೇಡ ಮಾಸ್ಟ್ರೇ, ಇದಕ್ಕೆ ನಿಮ್ಮಿಂದ ಹಣ ತೆಗೆದುಕೊಳ್ಳುವುದಾ?” ಎಂದ ಶಿಷ್ಯ. “ಶನಿವಾರ ನೀನು ಕೊಟ್ಟದ್ದನ್ನಾದರೂ ತೆಗೆದುಕೋ,” ಎಂದು ಅವರು ಒಂಬತ್ತು ಕಿಲೋದ ಹಣವನ್ನು ಎಣಿಸಿ ಮೇಜಿನ ಮೇಲಿಟ್ಟರು. ತಕ್ಕಡಿಯಲ್ಲಿ ಚೀಲ ಎಂಟೂಮುಕ್ಕಾಲು ತೋರಿಸಿತು.

ಮರಳುವಾಗ ಹುಡುಗಿ ಬಸ್ಸುನಿಲ್ದಾಣದ ಎದುರಿನ ಅಂಗಡಿಯಲ್ಲಿ ಒಂದು ಚೌಕುಳಿ ಪುಸ್ತಕ ಕೊಂಡಳು. ಶಾಲೆ ತೆರೆಯಲು ಇನ್ನೂ ಒಂದು ವಾರವಿದ್ದುದರಿಂದ ಈಗಲೇ ಯಾಕೆಂದು ಅಂಗಡಿಯವರು ಕೇಳಿದರು. ಬಸ್ಸಿನ ಕುಲುಕಾಟದಲ್ಲಿ ಬರೆಯಲಾಗಲಿಲ್ಲ. ಮನೆಗೆ ಬಂದು, ಅಜ್ಜಿಯ ತಕಾರದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಟಕಾರದ ತಲೆಯ ಗೆರೆಗೆ ಎಷ್ಟು ಚೌಕ ಬೇಕೆಂದು ಎಣಿಸತೊಡಗಿದಳು. ಮೇಲೆ ಆಳುಗಳು ಅಡುಗೆಮನೆಯ ಹಂಚುಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು.